ಬೆನ್ನ ಹಿಂದೆ ಕೂತ ಅಣ್ಣ

ನಮ್ಮ ಹೊಸನಗರದ ಕಡೆ ಮದುವೆಯೂಟ ಮುಗಿದ ಮೇಲೆ ಗಂಡಸರು ಚಾಪೆ ಹಾಸಿಕೊಂಡು ಇಸ್ಪೀಟಿಗೆ ಕೂರುತ್ತಾರೆ. ಆಡುವವರ ಬೆನ್ನ ಹಿಂದೆ ಕೂತು ಎಲೆ ನೋಡುವವರೂ ಇರುತ್ತಾರೆ. ಅವರಿಗೆ ಇರುವುದು ಒಂದೇ ಕಟ್ಟಳೆ. ಒಬ್ಬರ ಎಲೆ ನೋಡಿದ ಮೇಲೆ ಆ ಆಟ ಮುಗಿಯುವವರೆಗೆ ಎದ್ದು ಇನ್ನೊಬ್ಬರ ಹಿಂದೆ ಹೋಗುವಂತಿಲ್ಲ. ಉಚ್ಚೆ ಬಂದರೂ ಕಟ್ಟಿಕೊಂಡು ಕೂರಬೇಕು ಎಂದು ನಗುತ್ತಿದ್ದರು. ಹೆಣ್ಣುಮಕ್ಕಳ ಕೈಗೆ ಎಲೆ ಕೊಡುತ್ತಿರಲಿಲ್ಲ. ನಾನು ಅಣ್ಣನ ಬೆನ್ನ ಹಿಂದೆ ಕೂತೇ ಆಟ ಕಲಿತೆ. ಯಾರಾದರೂ ನನ್ನನ್ನು ಅಡುಗೆಮನೆಗೆ ಅಟ್ಟಲು ಬಂದರೆ, "ಇರ್ಲಿ ಬಿಡ್ರಾ, ಅವಳಿದ್ರೆ ನಂಗೆ ಎಲೆ ಬೀಳ್ತದೆ" ಎನ್ನುತ್ತಿದ್ದ.

ಈಗ ನಾನು ಸಾಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಮೊಬೈಲಿನಲ್ಲಿ ಪೋಕರ್ ಕಲಿಸಿದವನೂ ಅಣ್ಣನೇ. ಪರದೆಯ ಮೇಲೆ ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗುವುದಿಲ್ಲ. ನಾನು ಆಡುವಾಗ ಅವನು ಫೋನಿನಲ್ಲಿರುತ್ತಿದ್ದ. ಈ ಆಟದಲ್ಲಿ ಒಬ್ಬೊಬ್ಬರಿಗೂ ಬೀಳುವುದು ಎರಡೇ ಗುಟ್ಟಿನ ಎಲೆ; ನನ್ನವೆರಡನ್ನು ಅವನಿಗೆ ಹೇಳುತ್ತಿದ್ದೆ. ನನ್ನ ಪಾಲಿಗೆ ಅದು ಅವನನ್ನು ಬೆನ್ನ ಹಿಂದೆ ಕೂರಿಸಿಕೊಂಡಂತೆ. "ನಂಗೆ ಈ ಆಟ ಸಾಕಾಗಿದೆ, ನೀ ಆಡು, ನಾ ನೋಡ್ತೀನಿ" ಎಂದಿದ್ದ.

ಆ ಭಾನುವಾರದ್ದು ದುಡ್ಡಿಲ್ಲದ ಪಂದ್ಯ, ಕಟ್ಟುವುದು ಬರೀ ಬಿಲ್ಲೆ. ಗೆದ್ದ ಒಬ್ಬರಿಗೆ ಗೋವಾದ ದೊಡ್ಡ ಪಂದ್ಯದಲ್ಲಿ ಒಂದು ಕುರ್ಚಿ. ನಿಜವಾದ ಮೇಜು, ಎದುರಿಗೆ ನಿಜವಾದ ಮುಖಗಳು, ನನ್ನ ಕೈಯಲ್ಲಿ ನನ್ನದೇ ಎಲೆ. ಆ ಕುರ್ಚಿಯ ಆಸೆ ನನಗೆ ಎಷ್ಟಿತ್ತೆಂದರೆ, ತಲೆಗೆ ಮೆಹಂದಿ ಮೆತ್ತಿಸಿಕೊಂಡ ಗಿರಾಕಿಯನ್ನು ಮೂಲೆಯಲ್ಲಿ ಒಣಗಲು ಬಿಟ್ಟು ಆಡುತ್ತಿದ್ದೆ.

ಕೊನೆಯ ಮೇಜಿನಲ್ಲಿ ಹುಲಿಯ ಚಿತ್ರ ಹಾಕಿಕೊಂಡವನೊಬ್ಬನಿದ್ದ. ಅವನದು ಬರೀ ಮೇಲೆ ಬೀಳುವ ಆಟ. ಯಾರು ಎಷ್ಟು ಕಟ್ಟಿದರೂ ಅದರ ಮೂರರಷ್ಟು ಏರಿಸುತ್ತಿದ್ದ. ನನಗೆ ರಾಜನ ಜೋಡಿ ಬಿತ್ತು. ಅದನ್ನು ಹೊಡೆಯಬಲ್ಲ ಜೋಡಿ ಎಕ್ಕದ್ದೊಂದೇ. ನಾನು ಏರಿಸಿದೆ, ಹುಲಿ ಏರಿಸಿತು. ಮತ್ತೆ ಏರಿಸಿದೆ. ಹುಲಿ ತನ್ನಲ್ಲಿದ್ದ ಬಿಲ್ಲೆಗಳಷ್ಟನ್ನೂ ಪಣಕ್ಕೆ ನೂಕಿತು.

ಅಣ್ಣ ಹುಲಿಕಲ್ ಘಾಟಿಯ ಕಡೆ ಹೋಗುವ ಬಸ್ಸಿನಲ್ಲಿದ್ದ. "ರಾಜನ ಜೋಡಿ ಕಣೋ, ಎಂತ ಮಾಡ್ಲಿ?" ಎಂದೆ.

"ಬಿಟ್ಬಿಡೇ ಮಾರಾಯ್ತಿ. ಇಷ್ಟೆಲ್ಲ ನೂಕ್ತಾನೆ ಅಂದ್ರೆ ಎಕ್ಕಾನೇ ಇರೋದು."

ಮನಸ್ಸು ಒಪ್ಪಲಿಲ್ಲ. ಆದರೂ ಅಣ್ಣನ ಮಾತು ಎಂದು ಬಿಟ್ಟೆ. ಹುಲಿ ತನ್ನ ಎಲೆಗಳನ್ನು ಬಿಚ್ಚಿ ತೋರಿಸಿತು. ಗುಲಾಮ ಮತ್ತು ನಾಲ್ಕು. ಥೂ, ಬರೀ ಕಸ!

"ಛೆ, ಕರ್ಮ," ಎಂದ ಅಣ್ಣ. ಅಷ್ಟರಲ್ಲಿ ಫೋನು ಕಟ್ಟಾಯಿತು. ಹುಲಿಕಲ್ ದಾಟಿ ಬಸ್ಸು ಇಳಿಯತೊಡಗಿದರೆ ನೆಟ್‌ವರ್ಕ್ ಸಾಯುವುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಪರದೆ ನೋಡಿದೆ. ಹುಲಿಯ ಚಿತ್ರವೂ ಬೂದು ಬಣ್ಣಕ್ಕೆ ತಿರುಗಿತ್ತು. ಸಂಪರ್ಕವಿಲ್ಲ ಎಂದು ಕೆಳಗೆ ಬರೆದಿತ್ತು.

ಫೋನೂ ಹುಲಿಯೂ ಒಂದೇ ಗಳಿಗೆಗೆ ಹೋದವಲ್ಲ! ಇರಲಿಕ್ಕಿಲ್ಲ, ನನ್ನ ಕೆಟ್ಟ ಬುದ್ಧಿ ಎಂದು ನನಗೆ ನಾನೇ ಬೈದುಕೊಂಡೆ.

"ತೊಳೀರಿ ಮಾರಾಯ್ರೇ, ತಲೆ ಕಲ್ಲಾಗಿದೆ," ಎಂದರು ಮೆಹಂದಿಯವರು. ಐದು ನಿಮಿಷ ಎಂದೆ.

ಬಸ್ಸು ಘಾಟಿಯ ಬುಡ ಮುಟ್ಟಿರಬೇಕು. ಹುಲಿಗೆ ಮತ್ತೆ ಬಣ್ಣ ಬಂತು. ಅದರ ಬೆನ್ನಿಗೇ ಫೋನು ಬಡಿದುಕೊಂಡಿತು. "ಎಂತಾಯ್ತೇ? ಇನ್ನೂ ಇದೀಯಾ?"

"ಇದೀನಿ," ಎಂದೆ. ಆಗಷ್ಟೇ ನನಗೆ ರಾಣಿಯ ಜೋಡಿ ಬಿದ್ದಿತ್ತು. ಹುಟ್ಟಿದಾರಭ್ಯ ಅವನಿಗೆ ಎಲೆಯ ವಿಷಯದಲ್ಲಿ ಸುಳ್ಳು ಹೇಳಿದವಳಲ್ಲ. "ಎಂಟು, ಮೂರು. ಕಸ ಕಣೋ. ಸುಮ್ನೆ ಹೆದರ್ಸಿ ನೋಡ್ತೀನಿ."

"ನೋಡು ನೋಡು, ಬಿಡಬೇಡ," ಎಂದ. ಈ ಸಲ ಬಿಟ್ಟುಬಿಡು ಎನ್ನಲಿಲ್ಲ.

ಏರಿಸಿದೆ. ಉಳಿದವರೆಲ್ಲ ಎಲೆ ಬಿಸಾಡಿದರು. ಹುಲಿಯ ಸರದಿ. ದೇವರಾಣೆ, ಗೆಲ್ಲಬೇಕೆಂದು ನಾನು ಕೇಳಿಕೊಳ್ಳಲಿಲ್ಲ. ವರದಹಳ್ಳಿಯ ಸ್ವಾಮಿಗಳನ್ನು ನೆನೆದು, ಹುಲಿ ಎಲೆ ಬಿಸಾಡಲಿ, ಇವನು ಅಣ್ಣನಲ್ಲ ಎಂದಾಗಲಿ, ಕುರ್ಚಿಯೂ ಬೇಡ ಏನೂ ಬೇಡ ಎಂದು ಬೇಡಿಕೊಂಡೆ.

ಹುಲಿ ಅಷ್ಟನ್ನೂ ನೂಕಿತು.

ನಾನೂ ನೂಕಿದೆ. ಎರಡೂ ಕಡೆಯ ಎಲೆಗಳು ತೆರೆದುಕೊಂಡವು. ಅವನದು ಎಕ್ಕ ಮತ್ತು ಒಂಬತ್ತು, ನನ್ನದು ಇಬ್ಬರು ರಾಣಿಯರು. ಮೇಜಿನ ನಡುವೆ ಇಬ್ಬರಿಗೂ ಸೇರುವ ಐದು ಎಲೆ ಬೀಳುವ ಮೊದಲೇ ಫೋನಿನಲ್ಲಿ ಕೂಗು ಕೇಳಿಸಿತು.

"ಎಂಟು ಮೂರು ಅಂದ್ಯಲ್ಲೇ! ನಂಗೇ ಸುಳ್ಳು ಹೇಳ್ತೀಯಾ ನೀನು?"

ಅವನ ದನಿಯಲ್ಲಿದ್ದದ್ದು ನಾಚಿಕೆಯಲ್ಲ, ಮೋಸ ಹೋದವನ ನೋವು. ಅದನ್ನು ಕೇಳಿ ನನಗೆ ಅಳು ಒತ್ತರಿಸಿ ಬಂತು. ರಾಶಿಯೆಲ್ಲ ನನ್ನ ಕಡೆ ಸರಿಯುತ್ತಿದ್ದಾಗ ನಾನು ಫೋನು ಇಟ್ಟು, ಎದ್ದು, ಮೆಹಂದಿಯವರ ತಲೆಗೆ ನೀರು ಹಾಕಿದೆ.