ಡಿಕ್ಕಿಯಲ್ಲಿ ಕೂತು ಕೇಳಿದ ಮಾತು

ಇಲ್ಲ ಪುಟ್ಟಿ, ಹೋಗ್ಬೇಡ ಅಂತ ನಾನೆಲ್ಲಿ ಅಂದೆ? ಗೆಳತಿಯರ ಜೊತೆ ಹೋಗು, ಕಾರಲ್ಲೇ ಕೂತು ಆರಾಮಾಗಿ ಸಿನಿಮಾ ನೋಡ್ಕೊಂಡು ಬಾ. ಡಿಕ್ಕಿಯಲ್ಲಿ ಮಾತ್ರ ಕೂರ್ಬೇಡ ಅಂದೆ, ಅಷ್ಟೇ. ನಗ್ತೀಯಲ್ಲ. ಅಜ್ಜಿ ಕತೆ ಬರ್ಕೋತೀನಿ ಅಂತಿದ್ಯಲ್ಲ, ಪೆನ್ನು ಎತ್ಕೊ, ಹೇಳ್ತೀನಿ, ಬರ್ಕೊ.

ಆಗ ನಾನು ಕಾರಿನ ಸೀಟಿಗೆ ಕವರ್ ಹೊಲಿಯೋ ಅಂಗಡೀಲಿ ಕೆಲಸಕ್ಕಿದ್ದೆ. ಉದ್ದನೆಯ ರೂಮು, ಕಿಟಕಿ ಪಕ್ಕ ಮಷಿನ್‌ಗಳು, ಎಲ್ಲೆಲ್ಲೂ ರೆಕ್ಸಿನ್ ವಾಸನೆ. ನಾನು ಮನೆಗೆ ಬಂದ್ರೆ ನಮ್ಮಮ್ಮ "ಹೊಸ ಚಪ್ಪಲಿ ಬಂತು ನೋಡಿ" ಅಂತ ಆಡ್ಕೊಳ್ಳೋಳು. ಕಡ್ಡಿ ಥರ ಇದ್ನಲ್ಲ, ನನಗೆ ಸೂಜಿ ಅಂತಿದ್ರು. ಎದುರು ಮಷಿನ್ನವಳು ಉದ್ದಕ್ಕೆ, ನನ್ನ ಹಿಂದೆಯೇ ಓಡಾಡೋಳು, ಅವಳು ದಾರ. ಗುಂಡಿ ಹಚ್ಚೋಳು ದುಂಡಗಿದ್ಲು, ಗುಂಡಿ. ನಿಮ್ಮ ತಾತನೂ ಕೊನೇವರೆಗೆ ನನ್ನನ್ನ ಸೂಜಿ ಅಂತಲೇ ಕರೆದ್ರು. ಅವರ ಕತೆ ಈಗ ಬೇಡ, ಅದಕ್ಕೆ ಇನ್ನೊಂದು ಪೆನ್ನು ಬೇಕು.

ಕತ್ತರಿ ವಿಷಯ ಹೇಳ್ಬೇಕು. ನಮ್ಮಲ್ಲಿ ಹೊಲಿಯೋರು ತುಂಬ ಜನ, ಕತ್ತರಿಸೋರು ಒಬ್ರೇ. ಆ ದೊಡ್ಡ ಕತ್ತರಿ ಹಿಡಿದೋರು ದಿನವೆಲ್ಲ ಬಗ್ಗಿ ಪೆಡಲ್ ತುಳೀಬೇಕಾಗಿಲ್ಲ, ಮೇಜಿನ ಮುಂದೆ ನೆಟ್ಟಗೆ ನಿಂತ್ಕೋಬೋದು. ಕಟಿಂಗ್ ಮಾಸ್ಟರಿಗೆ ವಯಸ್ಸಾಗಿತ್ತು. "ನಾನು ಬಿಟ್ಟ ಮೇಲೆ ಇದು ನಿಂಗೇ ಕಣಮ್ಮ" ಅಂದಿದ್ರು. ಅವತ್ತಿಂದ ನಿದ್ದೇಲೂ ನನ್ನ ಎರಡು ಬೆರಳು ಕತ್ತರಿ ಥರ ಆಡ್ತಿದ್ವಂತೆ.

ಒಂದು ಶನಿವಾರ ಮೂವರೂ ಸಿನಿಮಾಕ್ಕೆ ಹೊರಟ್ವಿ, ನೀನು ಹೋಗ್ತಿರೋ ಥರದ್ದೇ, ಬಯಲಲ್ಲಿ ಕಾರು ನಿಲ್ಲಿಸ್ಕೊಂಡು ನೋಡೋದು. ಕಾರು ದಾರದ ಅಪ್ಪಂದು, ಓಡಿಸೋಳು ಅವಳೇ. ಅಲ್ಲಿ ಟಿಕೆಟ್ಟು ತಲೆ ಲೆಕ್ಕ, ಅದಕ್ಕೆ ಒಂದು ತಲೆ ಬಚ್ಚಿಡೋಣ ಅಂದ್ಲು. ಸಣ್ಣ ತಲೆ ಯಾರ್ದು? ನಂದೇ. ಡಿಕ್ಕಿಯಲ್ಲಿ ಉಸಿರು ಕಟ್ಟುತ್ತೆ ಅಂತ ನಾನೇನು ಮಾಡಿದೆ, ಕಾರು ಅಂಗಡಿ ಮುಂದೆ ನಿಂತಿದ್ದಾಗಲೇ ಹಿಂದಿನ ಸೀಟಿಗೆ ಬೆನ್ನು ಒರಗೋ ಕಡೆ ಹಲಗೆ, ಸ್ಪಂಜು ತೆಗೆದು, ಬರೀ ರೆಕ್ಸಿನ್ ಎಳೆದು ಹೊಲಿದೆ. ಅಂಚಲ್ಲಿ ಗಾಳಿಗೊಂದು ಸಂದಿ. ಅಪ್ಪನ ಸೀಟು ಬಿಚ್ಚಿದೆ ಅಂದ್ರೆ ದಾರ ಕೂಗಾಡ್ತಾಳೆ ಅಂತ ಬಾಯಿ ಬಿಡ್ಲಿಲ್ಲ.

ಗೇಟಲ್ಲಿ ಕಾರುಗಳ ಸಾಲು. ನಾನು ಮಂಡಿ ಮಡಚ್ಕೊಂಡು ಮಲಗಿದೀನಿ, ಹಿಂದಿನ ಸೀಟಲ್ಲಿ ಕೂತ ಗುಂಡಿಯ ಬೆನ್ನು ನನ್ನ ಕೆನ್ನೆಗೇ ಒರಗಿದೆ, ಮಧ್ಯೆ ಒಂದು ಪದರ ರೆಕ್ಸಿನ್.

"ಕತ್ತರಿ ಸೂಜಿಗೇ ಅಂತಲ್ಲೇ?" ಅಂದ್ಲು ಗುಂಡಿ.

"ಯಾರು ಹೇಳಿದ್ದು? ನಂಗೇ ಅದು," ಅಂದ್ಲು ದಾರ. "ಸಂಜೆಯಾದ್ರೆ ಅವಳಿಗೆ ಕಣ್ಣು ಮಂಜು ಅಂತ ಅಂಗಡಿ ಯಜಮಾನ್ರ ಕಿವಿಗೆ ಹಾಕಿದೀನಿ."

"ಹೌದೇನೇ? ಪಾಪ."

"ಎಂಥ ಪಾಪ. ಹದ್ದಿನ ಕಣ್ಣು ಅವಳ್ದು."

"ಮೆಲ್ಲಗೆ ಹೇಳೇ, ಹಿಂದೆ ಇದಾಳೆ."

"ಇರ್ಲಿ ಬಿಡು, ಮಧ್ಯೆ ಹಲಗೆ ಇದೆ."

ಗುಂಡಿ ನಕ್ಕಳು. ಆ ನಗು ನನ್ನ ಕಿವಿಗೆ ಬರೋಕೆ ಮುಂಚೆ ಕೆನ್ನೆಗೆ ತಾಗಿತು, ಪುಟ್ಟಿ.

ಒಳಗೆ ಹೋಗಿ ನಿಲ್ಲಿಸಿ ಡಿಕ್ಕಿ ತೆಗೆದ್ರು. "ಉಸಿರು ಕಟ್ತಾ?" ಅಂತ ಕೇಳಿದ್ಲು ದಾರ. ಇಲ್ಲ ಅಂದೆ. ಚಳಿ ಇದೆ ಅಂತ ತನ್ನ ಶಾಲು ತೆಗೆದು ನನಗೆ ಹೊದಿಸಿದ್ಲು. ಬೈದಿದ್ರೆ ವಾಸಿ ಇತ್ತು. ಅಷ್ಟು ದೊಡ್ಡ ಪರದೆ, ಮೇಲೆ ಆಕಾಶ, ಕಿಟಕಿಗೆ ನೇತುಹಾಕಿದ ಸ್ಪೀಕರ್ರು, ಸಿನಿಮಾದಲ್ಲಿ ಯಾರು ಯಾರಿಗೆ ಏನಾಗ್ಬೇಕು ಅಂತ ಒಂದೂ ತಲೆಗೆ ಹೋಗ್ಲಿಲ್ಲ.

ಸೋಮವಾರ ಕತ್ತರಿ ದಾರದ ಕೈಲಿತ್ತು. ಯಜಮಾನ್ರು ಒಂದು ಸೂಜಿ ಕೊಟ್ಟು ಪೋಣಿಸು ಅಂದಿದ್ರೆ ಕತ್ತಲಲ್ಲೇ ಪೋಣಿಸಿ ತೋರಿಸ್ತಿದ್ದೆ. ಕೇಳಲೇ ಇಲ್ಲ. ಅವತ್ತೇ ಕೆಲಸ ಬಿಟ್ಟು ಹೊರಟ ಮಾಸ್ಟರೂ ನನ್ನ ಕಡೆ ನೋಡ್ಲಿಲ್ಲ. ಆಮೇಲೆ ಕೆಲಸ ಬಿಡೋವರೆಗೆ ಅವಳು ಸೊಟ್ಟಗೆ ಕತ್ತರಿಸಿದ್ದನ್ನ ನಾನು ನೆಟ್ಟಗೆ ಹೊಲಿದೆ. ಡಿಕ್ಕಿಯಲ್ಲಿ ಕೇಳಿದ್ದನ್ನ ಇವತ್ತಿನವರೆಗೆ ಅವಳಿಗೆ ಹೇಳಿಲ್ಲ.

ಈಗ ಅವಳಿಗೆ ಕೈ ನಡುಗುತ್ತಂತೆ. ಅಂಗಡಿ ಬಿಟ್ಟಾಗ ತನ್ನ ಜೊತೆಗೇ ತಂದಿದ್ದ ಆ ಕತ್ತರೀನ ನಿನ್ನೆ ತನ್ನ ಸೊಸೆ ಕೈಲಿ ಕಳಿಸಿದಾಳೆ, "ಸೂಜಿ ಹತ್ರವೇ ಇರ್ಲಿ" ಅಂತ. ಬರೆದದ್ದು ಸಾಕು, ಏಳು. ಕಪಾಟಿನ ಮೇಲಿದೆ ನೋಡು, ತಗೊಂಡು ಹೋಗಿ ಅವಳ ಕೈಗೇ ಕೊಟ್ಟು ಬಾ. ಯಾಕೆ ಅಂತ ಕೇಳ್ತಾಳೆ. "ನಮ್ಮಜ್ಜಿಗೆ ಸಂಜೆಯಾದ್ರೆ ಕಣ್ಣು ಮಂಜಂತೆ" ಅನ್ನು, ಅಷ್ಟೇ ಸಾಕು. ಕೂತ್ಕೊ ಅಂದ್ರೂ ಕೂರ್ಬೇಡ. ತುದಿ ಚೂಪಿದೆ ಕಂದ, ಬಟ್ಟೆ ಸುತ್ಕೊಂಡು ಹೋಗು.