ವಿಮಾನಕ್ಕೆ ಮಾರಮ್ಮನ ಅಪ್ಪಣೆ

ಜಡಿಗೇನಹಳ್ಳಿ ಕಡೆ ಕಡಲೆಕಾಯಿ ಹೊಲಗಳಿಗೆ ಹುಳ ಬಿದ್ದಾಗ ಮೇಲಿಂದ ಔಷಧಿ ಹೊಡೆಯಲು ಬಂದ ಪುಟ್ಟ ವಿಮಾನಕ್ಕೆ ಪೈಲಟ್ ನಾನೇ. ಎಮ್ಮೆ ಮೇಯಿಸಿಕೊಂಡಿದ್ದವನು ಮೋಡ ಮೇಯಿಸೋದನ್ನು ನೋಡಲು ಊರಿಗೆ ಊರೇ ಗೋಮಾಳಕ್ಕೆ ಬಂದಿತ್ತು.

ಇಂಜಿನ್ ಶುರು ಮಾಡಿದೆ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ನಮ್ಮ ಮೆಕ್ಯಾನಿಕ್, "ಬರೀ ಮುಳ್ಳು ಕೆಟ್ಟಿದ್ರೆ ಹಾರಬಹುದು ಗುರು. ಎಣ್ಣೆನೇ ಹತ್ತದೆ ಇದ್ರೆ ಇಂಜಿನ್ ಆಕಾಶದಲ್ಲೇ ನಿಂತೋಗುತ್ತೆ. ಬೆಂಗಳೂರಿಂದ ಬೇರೆ ಮೀಟರ್ ತಂದು ನೋಡೋಣ" ಅಂದ.

ಅಷ್ಟು ಜನರ ಮುಂದೆ ಹಾರದೇ ಇಳಿಯೋದಾ? ನಾನಾ?

"ಅದಕ್ಯಾಕಪ್ಪಾ ಬೆಂಗಳೂರು, ಮಾರಮ್ಮನ್ನೇ ಕೇಳಿದ್ರಾಯ್ತು" ಅಂದರು ಪಟೇಲರು.

ಗುಡಿ ಅಲ್ಲೇ ಪಕ್ಕದಲ್ಲಿತ್ತು. ಪೂಜಾರಪ್ಪ ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿದ. ಬಲಗಡೆಯದು ಬಿದ್ದರೆ ಹಾರು, ಎಡಗಡೆಯದು ಬಿದ್ದರೆ ಬೇಡ. ಬಲಗಡೆಯದೇ ಬಿತ್ತು. ಜನ ಶಿಳ್ಳೆ ಹೊಡೆದರು.

ನಾನು ಎದೆ ಉಬ್ಬಿಸಿ, "ಹಿಂದಿನ ಸೀಟು ಖಾಲಿ ಐತೆ ಪೂಜಾರಪ್ಪಾ, ಬಾ, ನಿನ್ನ ಗುಡಿನ ಮೇಲಿಂದ ನೋಡೀವಂತೆ" ಅಂದೆ.

"ಆ ಹೂವು ನಿಂದು ಕಣಪ್ಪಾ. ನಂದು ಬೇರೆ ಕೇಳ್ಬೇಕು" ಅಂತ ಅವನು ಮತ್ತೆ ಹೂವು ಅಂಟಿಸಿದ. ಬೆರಳು ಪೂರ್ತಿ ತೆಗೆಯೋ ಮೊದಲೇ ಎಡಗಡೆಯದು ಕೆಳಗಿತ್ತು.

ಪಟೇಲರು ನನ್ನ ಕಡೆ ತಿರುಗಿದರು. "ಅಮ್ಮ ಬೇಡ ಅಂದ ವಿಮಾನದಾಗೆ ನೀನು ಹೋಗ್ತೀಯೇನಪ್ಪಾ?"

ಮೀಟರ್ ಬರೋವರೆಗೂ ಅವರ ಜಗುಲಿಯಲ್ಲಿ ಕೂತು ಮುದ್ದೆ ಉಂಡುಕೊಂಡಿದ್ದೆ. ಹೆದರಿದೆ ಅಂತ ಯಾರೂ ತಿಳಿಯಬೇಡಿ. ಹಾರಲು ನಾನು ಸಿದ್ಧನಾಗೇ ಇದ್ದೆ. ಅಮ್ಮನ ಮಾತು ಮೀರೋದು ನಮ್ಮ ವಂಶದಲ್ಲೇ ಇಲ್ಲ, ಅದರಲ್ಲೂ ಅವಳ ಕೊನೆಯ ಮಾತು.