ರಂಗಣ್ಣನ ಸೊನ್ನೆ

ಮೊನ್ನೆ ಸ್ಕೂಟರನ್ನು ರಿಪೇರಿಗೆ ಬಿಟ್ಟು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತಿದ್ದೆ. ಕೈಯಲ್ಲಿ ನನ್ನ ಪಿಎಚ್‌ಡಿ ವಿದ್ಯಾರ್ಥಿನಿಯ ಒಂದು ಅಧ್ಯಾಯ. ಮೊದಲ ಪುಟದಲ್ಲಿ ಆಗಲೇ ‘ತಿರುಗಿ ಬರೆಯಿರಿ’ ಎಂದು ಗೀಚಿದ್ದೆ. ಒಳಗಿನಿಂದ ಗ್ರೀಸಿನ ವಾಸನೆ ಬಂತು ನೋಡಿ, ನಾನು ನೆನಪಿನಲ್ಲೇ ನೇರ ರಾಜಗೋಪಾಲನಗರದ ನನ್ನ ಹಳೆಯ ವಠಾರಕ್ಕೆ ಹೋಗಿಬಿಟ್ಟೆ.

ತೊಂಬತ್ತರ ದಶಕದ ಮಾತು. ನನ್ನದು ತೌಲನಿಕ ರಾಜಕಾರಣದಲ್ಲಿ ಸಂಶೋಧನೆ. ಬಾಡಿಗೆ ಕಡಿಮೆಯೆಂದು ಪೀಣ್ಯದ ಕಾರ್ಮಿಕರ ನಡುವೆ ಕೋಣೆ ಹಿಡಿದಿದ್ದೆ. ಪಾಸ್‌ಪೋರ್ಟೂ ಇಲ್ಲದ ಮಹಾನುಭಾವ ಎರಡು ಪರದೇಶಗಳನ್ನು ತೂಗುತ್ತಿದ್ದೆ! ಒಂದರಲ್ಲಿ ಸರ್ಕಾರ ಪದೇ ಪದೇ ಬೀಳುತ್ತಿತ್ತು, ಇನ್ನೊಂದರಲ್ಲಿ ಒಂದೇ ಪಕ್ಷ ದಶಕಗಟ್ಟಲೆ ಗಟ್ಟಿಯಾಗಿ ಕೂತಿತ್ತು. ಮೊದಲನೆಯದು ಕಾಯಿಲೆ, ಎರಡನೆಯದು ಆರೋಗ್ಯ ಎಂದು ಮುನ್ನೂರು ಪುಟ ಬರೆದೆ. ಗೈಡು ಮೂರನೆಯ ಸಲ ವಾಪಸು ಕೊಟ್ಟರು.

‘ಹೋಲಿಕೆ ಎಲ್ಲಿದೆಯಪ್ಪಾ? ಇದು ಬರೀ ತೀರ್ಪು’ ಎಂದರು.

ಸಾಕಪ್ಪಾ ಈ ಸಹವಾಸ, ಮಾದನಾಯಕನಹಳ್ಳಿಯ ಗೋದಾಮಿನಲ್ಲಿ ಗುಮಾಸ್ತನಾಗುತ್ತೇನೆ ಎಂದು ಅರ್ಜಿ ಬರೆದಿಟ್ಟೆ. ಪಕ್ಕದ ಕೋಣೆಯ ರಂಗಣ್ಣ ಕುಣಿಗಲ್ ಕಡೆಯವರು, ಫ್ಯಾಕ್ಟರಿಯಲ್ಲಿ ಫಿಟ್ಟರ್. ಶಿಫ್ಟ್ ಮುಗಿಸಿ ಬಂದವರು ಗ್ರೀಸಿನ ಕೈಯನ್ನು ಮರದ ಪುಡಿಯಲ್ಲಿ ಉಜ್ಜುತ್ತಾ ನನ್ನ ಗೋಳನ್ನೆಲ್ಲ ಕೇಳಿದರು.

‘ಸಾರ್, ನಾವು ಅಳೆಯೋಕ್ ಮುಂಚೆ ವರ್ನಿಯರ್ ಬಾಯಿ ಮುಚ್ಚಿ ನೋಡ್ತೀವಿ. ಸೊನ್ನೆ ತೋರಿಸ್ಬೇಕು. ತೋರಿಸ್ಲಿಲ್ಲ ಅಂದ್ರೆ ಆಮೇಲಿನ ಅಳತೆ ಎಲ್ಲಾ ತಪ್ಪೇಯ. ನೀವು ನಿಮ್ ಸೊನ್ನೆ ನೋಡ್ಕಂಡ್ರಾ?’

‘ಅಂದ್ರೆ?’

‘ಸರ್ಕಾರ ಬಿದ್ರೆ ಕೆಟ್ಟದ್ದು ಅಂತ ಮೊದ್ಲೇ ಇಟ್ಕಂಡು ಅಳೆದಿದ್ದೀರ. ನಮ್ ಯೂನಿಯನ್ನಲ್ಲಿ ವರ್ಷಕ್ಕೊಬ್ಬ ಲೀಡ್ರು, ದಿನಾ ಜಗಳ. ಪಕ್ಕದ್ ಫ್ಯಾಕ್ಟ್ರೀಲಿ ಹದಿನೈದು ವರ್ಷದಿಂದ ಒಬ್ನೇ. ಅಲ್ಲಿ ಯಾರೂ ಉಸಿರೆತ್ತಂಗಿಲ್ಲ. ಅದುನ್ನ ಆರೋಗ್ಯ ಅಂತೀರಾ?’

ನನಗೆ ಸಿಟ್ಟೇ ಬಂತು. ಎಂ.ಎ. ಓದಿದವನಿಗೆ ಈತ ಪಾಠ ಹೇಳುವುದೇ! ಊಟ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದು ನಾಚಿಕೆಯಾಯಿತು. ಅರ್ಜಿ ಹರಿದು, ಮುನ್ನೂರು ಪುಟವನ್ನೂ ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದೆ. ಎರಡು ವರ್ಷ ಹಿಡಿಯಿತು. ಪದವಿ ಬಂದ ದಿನ ರಂಗಣ್ಣ ವಠಾರಕ್ಕೆಲ್ಲ ಮೈಸೂರು ಪಾಕ್ ಹಂಚಿ, ‘ನಮ್ ಡಾಕ್ಟ್ರು ಕಣ್ರೀ, ಆದ್ರೆ ಇಂಜೆಕ್ಷನ್ ಗಿಂಜೆಕ್ಷನ್ ಕೊಡಾಕಿಲ್ಲ’ ಎಂದು ಸಾರಿದರು. ಅಂಥ ಖುಷಿ ನನಗೆ ಆಮೇಲೆ ಸಿಕ್ಕಿದ್ದು ಕಡಿಮೆ.

ಸ್ಕೂಟರ್ ಸಿದ್ಧವಾಗುವ ತನಕ ಬೆಂಚಿನ ಮೇಲೇ ಆ ಅಧ್ಯಾಯವನ್ನು ಮತ್ತೆ ಓದಿದೆ. ಹುಡುಗಿ ಚೆನ್ನಾಗಿಯೇ ಬರೆದಿದ್ದಳು. ನನ್ನ ಪುಸ್ತಕದ ಮಾತನ್ನು ಅವಳು ಒಪ್ಪಿರಲಿಲ್ಲ, ಅಷ್ಟೇ. ಗೀಚಿದ್ದನ್ನು ಹೊಡೆದುಹಾಕಿ ಅವಳಿಗೆ ಫೋನ್ ಮಾಡಿದೆ.

‘ತುಂಬಾ ತಪ್ಪಿದ್ಯಾ ಸಾರ್?’ ಎಂದಳು, ಹೆದರಿಕೊಂಡು.

‘ಒಂದಿದೆಯಮ್ಮ’ ಎಂದೆ. ‘ಅದು ನನ್ನದು.’